ಬೆಳೆಯೋ ಬೆಲೆಯೋ? ಸರಿಯಾದ ಪದ ಬೇಕಂದ್ರೆ ವಾಕ್ಯವನ್ನೇ ಕೇಳಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ನಿಂತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಪರೀಕ್ಷೆಗೆ ಓದೋಕೆ ಅಂತ ಕೂತು ನನ್ನ ಮಾತು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಹೋದ ವಾರ ಒಬ್ಬ ಕೇಳುಗರು ವಾಯ್ಸ್ ಮೆಸೇಜ್ ಕಳಿಸಿದ್ರು. ಎಫ್‌ಡಿಎ ಪರೀಕ್ಷೆಗೆ ತಯಾರಿ ಮಾಡ್ತಿದ್ದಾರಂತೆ. ಅವರ ಪ್ರಶ್ನೆ ಇಷ್ಟೇ: "ಸಾಮಾನ್ಯ ಕನ್ನಡದಲ್ಲಿ ಬಿಟ್ಟ ಸ್ಥಳ ತುಂಬಿರಿ ಬಂದಾಗ ನಾಲ್ಕು ಆಯ್ಕೆಯೂ ಸರಿ ಅನ್ಸುತ್ತೆ. ಪದಗಳ ಅರ್ಥ ಗೊತ್ತು, ಆದ್ರೂ ತಪ್ಪಾಗುತ್ತೆ. ಯಾಕೆ?"

ಒಳ್ಳೆ ಪ್ರಶ್ನೆ. ಉತ್ತರ ಕೊಡೋಕೆ ಮೊದಲು ನಾನೇ ಮಾಡಿದ ಒಂದು ತಪ್ಪು ಹೇಳ್ತೀನಿ. ಅಂಕಕ್ಕಿಂತ ದೊಡ್ಡದನ್ನೇ ಕಳೆದ ತಪ್ಪು ಅದು.

ಒಂದು ಅಕ್ಷರ, ಆರು ಕ್ವಿಂಟಲ್

ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ಸುದ್ದಿಮನೆಯಲ್ಲಿ ನೋಟಿಫಿಕೇಶನ್ ಬರೆಯೋ ಕೆಲಸ ಮಾಡ್ತಿದ್ದೆ. ಸುದ್ದಿ ಬಂದ ತಕ್ಷಣ ನಿಮ್ಮ ಫೋನಿನಲ್ಲಿ ಟಿಂಗ್ ಅಂತ ಒಂದು ಸಾಲು ಬರುತ್ತಲ್ಲ, ಆ ಸಾಲು. ಆಗ ಮಳೆಗಾಲ. ಮಲೆನಾಡಿನಲ್ಲಿ ಮಳೆ ಬಿಡುವು ಕೊಡದೆ ಅಡಿಕೆ ತೋಟಗಳಿಗೆ ಕೊಳೆ ರೋಗ ತಗುಲಿತ್ತು. ಎಳೆ ಕಾಯಿಗಳು ಉದುರ್ತಾ ಇದ್ದವು. ನಾನು ಬರೀಬೇಕಿದ್ದ ಸಾಲು: "ಅಡಿಕೆ ಬೆಳೆ ಕುಸಿತದ ಆತಂಕ." ಫೋನ್‌ಗಳಿಗೆ ಹೋಗಿದ್ದು: "ಅಡಿಕೆ ಬೆಲೆ ಕುಸಿತದ ಆತಂಕ."

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡೋರಿಗೆ ಇದು ಹೇಗಾಯ್ತು ಅಂತ ಹೇಳೋದೇ ಬೇಡ. ಲ-ಕಾರಕ್ಕೂ ಎಲ್, ಳ-ಕಾರಕ್ಕೂ ಎಲ್. ಕೀಬೋರ್ಡ್ ಮೊದಲು 'ಬೆಲೆ' ತೋರಿಸ್ತು, ನಾನು ಒತ್ತಿದೆ, ಕಳಿಸಿದೆ.

ತೀರ್ಥಹಳ್ಳಿ ಕಡೆ ನಮ್ಮ ದೊಡ್ಡಪ್ಪನದ್ದು ಸಣ್ಣ ತೋಟ. ಹಿಂದಿನ ವರ್ಷದ ಅಡಿಕೆ 6 ಕ್ವಿಂಟಲ್ ಮನೆಯಲ್ಲೇ ಇಟ್ಟುಕೊಂಡು ಒಳ್ಳೆ ದರಕ್ಕೆ ಕಾಯ್ತಾ ಇದ್ರು. ಅವರ ಫೋನಿಗೂ ಟಿಂಗ್ ಅಂತು. ದರ ಬೀಳುತ್ತೆ ಅಂದ್ಕೊಂಡು ಮರುದಿನವೇ ಮಂಡಿಗೆ ಹಾಕಿಬಿಟ್ರು. ಆದ್ರೆ ನಿಜವಾದ ಸುದ್ದಿ ಇದಕ್ಕೆ ತದ್ವಿರುದ್ಧ. ಬೆಳೆ ಕುಸಿದ್ರೆ ಮಾರುಕಟ್ಟೆಗೆ ಬರೋ ಮಾಲು ಕಮ್ಮಿ ಆಗುತ್ತೆ, ಬೆಲೆ ಏರೋ ಸಾಧ್ಯತೆಯೇ ಹೆಚ್ಚು. ಏರಿತು ಕೂಡ. ದೊಡ್ಡಪ್ಪ ಮಾರಿದ ಮೇಲೆ ಕ್ವಿಂಟಲ್‌ಗೆ 3 ಸಾವಿರದಷ್ಟು. ಆರು ಕ್ವಿಂಟಲ್‌ಗೆ ಲೆಕ್ಕ ನೀವೇ ಹಾಕಿ.

ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಪ್ಪ ಬಯ್ಯಲಿಲ್ಲ. ಫೋನ್ ತೆಗೆದು ಆ ಸಾಲು ತೋರಿಸಿ, "ಅಲ್ವೇ ಮಾರಾಯ್ತಿ, ಒಳಗೆ ಕೊಳೆ ರೋಗ ಅಂತ ಇದೆ, ಮೇಲೆ ಬೆಲೆ ಅಂತ ಇದೆ. ಯಾವುದು ನಿಂದು?" ಅಂದ್ರು. ಆ ಸುದ್ದಿ ಕಳಿಸಿದ್ದು ನಾನೇ ಅಂತ ಅವರಿಗೆ ಗೊತ್ತಿತ್ತು. ಬೈದಿದ್ರೆ ಚೆನ್ನಾಗಿತ್ತು.

ಅವರ ಪ್ರಶ್ನೆಯಲ್ಲೇ ಇವತ್ತಿನ ಪಾಠ ಇದೆ. ಸರಿಯಾದ ಪದ ಯಾವುದು ಅನ್ನೋ ಸುಳಿವು ಸುದ್ದಿಯ ಒಳಗೇ ಇತ್ತು. 'ಕೊಳೆ ರೋಗ' ಅನ್ನೋ ಮಾತು ಬಂದ ಕಡೆ ಕುಸಿಯೋದು ಬೆಳೆ. ಆದ್ರೆ ಫೋನಿನ ಪರದೆ ಮೇಲೆ ಮೊದಲ ಸಾಲು ಮಾತ್ರ ಕಾಣಿಸ್ತು. ಸುಳಿವು ಇದ್ದ ಸಾಲು ಕತ್ತರಿಸಿಹೋಗಿತ್ತು.

ಹಾಗಾದ್ರೆ ವಾಕ್ಯದಲ್ಲಿ ಸುಳಿವು ಎಲ್ಲೆಲ್ಲಿ ಅಡಗಿರುತ್ತೆ? ನಾನು ಐದು ಕಡೆ ಹುಡುಕ್ತೀನಿ.

ಒಂದು: ಪಕ್ಕದಲ್ಲಿ ಯಾರು ಕೂತಿದ್ದಾರೆ?

ಕನ್ನಡದಲ್ಲಿ ಪದಗಳಿಗೆ ತಮ್ಮದೇ ಜೋಡಿ ಇರುತ್ತೆ. ಸೀರೆ ಉಡ್ತೀವಿ. ಅಂಗಿ ತೊಡ್ತೀವಿ. ಹೂ ಮುಡೀತೀವಿ. ಚಪ್ಪಲಿ ಮೆಟ್ತೀವಿ. ಕಂಬಳಿ ಹೊದೀತೀವಿ. ಈಗ ಮಾತಾಡುವಾಗ ಎಲ್ಲಕ್ಕೂ 'ಹಾಕ್ಕೊಂಡೆ' ಅಂದ್ಬಿಡ್ತೀವಿ. ನಾನೂ ಹಾಗೇ. ಆದ್ರೆ ಹೂ ಉಟ್ಟಳು, ಸೀರೆ ಮುಡಿದಳು ಅಂದ್ರೆ ಯಾವ ಅಜ್ಜಿಯಾದ್ರೂ ನಕ್ಕೇ ನಗ್ತಾರೆ. ಕ್ರಿಯಾಪದ ಯಾವುದು ಅಂತ ನಿರ್ಧಾರ ಮಾಡೋದು ಅದರ ಹಿಂದೆ ಕೂತಿರೋ ನಾಮಪದ.

ಅಡುಗೆಮನೆಗೆ ಬನ್ನಿ. ಹಾಲು ಉಕ್ಕುತ್ತೆ, ನೀರು ಕುದಿಯುತ್ತೆ, ಎಣ್ಣೆ ಕಾಯುತ್ತೆ, ಅನ್ನ ಬೇಯುತ್ತೆ. ನಾಲ್ಕರ ಕೆಳಗೂ ಇರೋದು ಅದೇ ಬೆಂಕಿ. ಪದ ಮಾತ್ರ ಬೇರೆ ಬೇರೆ.

ಈಗ ಆ ಕೇಳುಗರ ಪ್ರಶ್ನೆಯಂಥದ್ದೇ ಒಂದು. "ಈ ಬೇಸಿಗೆಯಲ್ಲಿ ನಮ್ಮೂರ ಕೆರೆ ಪೂರ್ತಿ ಡ್ಯಾಶ್." ಆಯ್ಕೆಗಳು: ಆರಿತು, ಬತ್ತಿತು, ಇಂಗಿತು, ಒಣಗಿತು. ಒಂದು ಕ್ಷಣ ಪಾಸ್ ಒತ್ತಿ ಯೋಚನೆ ಮಾಡಿ.

ನಾಲ್ಕಕ್ಕೂ ನೀರು ಹೋಗೋದರ ಜೊತೆ ಸಂಬಂಧ ಇದೆ. ಅದಕ್ಕೇ ನಾಲ್ಕೂ ಸರಿ ಅನ್ಸುತ್ತೆ. ಆದ್ರೆ ಒಂದೊಂದರ ಜೋಡಿ ಹುಡುಕಿ ನೋಡಿ. ಆರೋದು ದೀಪ, ಬಿಸಿ ಚಹಾ, ಒದ್ದೆ ಕೂದಲು. ಇಂಗೋದು ನೆಲದೊಳಗೆ ಇಳಿಯೋ ನೀರು, ಕೆರೆಯೇ ಇಂಗೋದಿಲ್ಲ. ಒಣಗೋದು ಬಟ್ಟೆ, ಗಿಡ, ಗಂಟಲು. ಬತ್ತೋದು ಕೆರೆ, ಬಾವಿ, ಹೊಳೆ. ಉತ್ತರ 'ಬತ್ತಿತು'. ಹಾಗಂತ 'ಕೆರೆ ಒಣಗಿತು' ಅಂದ್ರೆ ಮಹಾಪರಾಧ ಏನಲ್ಲ, ಜನ ಹೇಳ್ತಾರೆ. ಆದ್ರೆ ಪರೀಕ್ಷೆ ಕೇಳೋದು ಹೆಚ್ಚು ಒಪ್ಪೋ ಪದವನ್ನ. ಅರ್ಥ ಗೊತ್ತಿದ್ರೂ ತಪ್ಪಾಗೋದು ಇಲ್ಲೇ. ಅರ್ಥ ಕಲಿತಿರ್ತೀವಿ, ಜೋಡಿ ಕಲಿತಿರಲ್ಲ.

ಎರಡು: ಕೊನೇ ಪದದವರೆಗೂ ತಾಳ್ಮೆ ಇರಲಿ

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತೆ. ಹಾಗಾಗಿ ಎಷ್ಟೋ ಸಲ ದೊಡ್ಡ ಸುಳಿವು ಇರೋದೇ ಅಲ್ಲಿ.

'ನೆರೆ' ಅನ್ನೋ ಪದ ತಗೊಳ್ಳಿ. "ನೆರೆ ಇಳಿಯಿತು" ಅಂದ್ರೆ ಪ್ರವಾಹ. "ನೆರೆಯವರು ಬಂದರು" ಅಂದ್ರೆ ಪಕ್ಕದ ಮನೆಯವರು. "ತಲೆ ನೆರೆತಿದೆ" ಅಂದ್ರೆ ಕೂದಲು ಬೆಳ್ಳಗಾಗಿದೆ. "ಜನ ನೆರೆದರು" ಅಂದ್ರೆ ಸೇರಿದರು.

ಇನ್ನೊಂದು, ಇದು ನನಗೆ ತುಂಬ ಇಷ್ಟ. "ಅರಸಿ ಬಂದ." ಇಲ್ಲಿ 'ಅರಸಿ' ಅಂದ್ರೆ ರಾಣಿಯೋ, ಹುಡುಕಿಕೊಂಡು ಅಂತಲೋ? ಕೊನೆಯಲ್ಲಿ 'ಬಂದ' ಇದೆ. ರಾಣಿ ಆಗಿದ್ರೆ 'ಬಂದಳು' ಅಂತಿರಬೇಕಿತ್ತು. ಹಾಗಾಗಿ ಯಾರೋ ಒಬ್ಬ ಏನನ್ನೋ ಹುಡುಕಿಕೊಂಡು ಬಂದ. ಸರಿ, ಈಗ "ಅರಸಿ ಬಂದಳು" ಅಂದ್ರೆ? ರಾಣಿಯೂ ಆಗಬಹುದು, ಹುಡುಕಿಕೊಂಡು ಬಂದವಳೂ ಆಗಬಹುದು. ಈ ವಾಕ್ಯ ಒಂದೇ ಸಾಲದು. ಹಿಂದಿನದ್ದೋ ಮುಂದಿನದ್ದೋ ನೋಡಲೇಬೇಕು.

ನಿಮ್ಮ ಫೋನ್ ಎಡವೋದೂ ಇಲ್ಲೇ. ನೀವು ಟೈಪ್ ಮಾಡ್ತಾ ಹೋದಂತೆ ಕೀಬೋರ್ಡ್ ಮುಂದಿನ ಪದ ಊಹೆ ಮಾಡೋದು ಮುಖ್ಯವಾಗಿ ಹಿಂದಿನ ಪದಗಳನ್ನ ನೋಡಿ, ಜನ ಯಾವುದನ್ನ ಹೆಚ್ಚು ಬಳಸ್ತಾರೆ ಅನ್ನೋದನ್ನ ನೋಡಿ. ಸುಳಿವು ಕೊಡೋ ಕ್ರಿಯಾಪದ ನಿಮ್ಮ ತಲೆಯಲ್ಲಿದೆ, ಇನ್ನೂ ಬೆರಳಿಗೆ ಬಂದಿಲ್ಲ. ಅದಕ್ಕೆ ಪಾಪ ಗೊತ್ತಾಗೋದಾದ್ರೂ ಹೇಗೆ? ಹಾಗಾಗಿ ವಾಕ್ಯ ಮುಗಿದ ಮೇಲೆ ಒಮ್ಮೆ ಹಿಂದಿರುಗಿ ನೋಡೋದು ನಮ್ಮ ಕೆಲಸ. ಹಾಲು-ಹಾಳು, ಎಲೆ-ಎಳೆ, ಬಲಿ-ಬಳಿ, ಕೊಲೆ-ಕೊಳೆ. ಈ ಜೋಡಿಗಳು ಕಂಡಾಗ ಎರಡು ಸಲ ನೋಡಿ. "ಬಟ್ಟೆ ಮೇಲೆ ಕೊಲೆ ಆಗಿದೆ, ಅಮ್ಮಂಗೆ ಹೇಳ್ಬೇಡ" ಅಂತ ತಂಗಿಗೆ ಮೆಸೇಜ್ ಹಾಕಿದ್ರೆ ಅವಳು ಗಾಬರಿ ಆಗೋದು ಸಹಜ ತಾನೆ?

ಮೂರು: ಕೊಂಡಿ ಪದ ಯಾವ ಕಡೆ ತಿರುಗಿಸ್ತಿದೆ?

ಆದರೆ, ಆದರೂ, ಆದ್ದರಿಂದ, ಯಾಕೆಂದರೆ. ಓದುವಾಗ ಇವನ್ನ ಹಾರಿಸಿಕೊಂಡು ಹೋಗ್ತೀವಿ. ಆದ್ರೆ ರಸ್ತೆಯ ತಿರುವಿನಲ್ಲಿ ಇರೋ ಬೋರ್ಡ್ ಇದ್ದಂಗೆ ಇವು. ಎಡಕ್ಕೋ ಬಲಕ್ಕೋ ಹೇಳ್ತವೆ.

"ಅವನು ಮಿತಭಾಷಿ, ಆದರೆ ಅವನ ತಂಗಿ ಬಾಯಿ ಮುಚ್ಚೋದೇ ಇಲ್ಲ." ಮಿತಭಾಷಿ ಅಂದ್ರೇನು ಅಂತ ನಿಮಗೆ ಗೊತ್ತಿಲ್ಲ ಅಂದ್ಕೊಳ್ಳಿ. 'ಆದರೆ' ಬಂತು, ಅಂದ್ರೆ ಅಣ್ಣನೂ ತಂಗಿಯೂ ವಿರುದ್ಧ. ತಂಗಿ ಮಾತಿನ ಮಲ್ಲಿ. ಹಾಗಾದ್ರೆ ಅಣ್ಣ ಕಮ್ಮಿ ಮಾತಾಡೋನು. ನಿಘಂಟು ತೆಗೀದೇ ಅರ್ಥ ಸಿಕ್ತು.

ಬಿಟ್ಟ ಸ್ಥಳದಲ್ಲೂ ಇದೇ. "ರಾತ್ರಿಯಿಡೀ ಓದಿದ, ಡ್ಯಾಶ್ ಪಾಸಾಗಲಿಲ್ಲ." ಮೊದಲರ್ಧ ಕೇಳಿದಾಗ ಏನು ನಿರೀಕ್ಷೆ ಮಾಡ್ತೀವಿ? ಪಾಸಾಗ್ತಾನೆ ಅಂತ. ಆಗಿದ್ದು ಉಲ್ಟಾ. ಹಾಗಾಗಿ 'ಆದರೂ'. ನಿರೀಕ್ಷೆಯಂತೆಯೇ ಆಗಿದ್ರೆ 'ಆದ್ದರಿಂದ' ಬರ್ತಿತ್ತು.

ಇನ್ನೊಂದು ಸ್ವಲ್ಪ ಗಟ್ಟಿ ಪದ: ಕಾರ್ಪಣ್ಯ. "ಕಣಜ ತುಂಬಿದ್ದರೂ ಆಳುಗಳಿಗೆ ಒಂದು ಹೊತ್ತು ಊಟ ಹಾಕೋಕೆ ಕಾರ್ಪಣ್ಯ ತೋರಿಸ್ತಿದ್ದ." 'ತುಂಬಿದ್ದರೂ' ಅನ್ನೋದರ ಕೊನೆಯ 'ಊ' ನೋಡಿ. ಇದ್ದೂ ಕೊಡದೇ ಇರೋದು, ಅಂದ್ರೆ ಜಿಪುಣತನ. ಈಗ ಇದನ್ನ ನೋಡಿ: "ಕಷ್ಟ ಕಾರ್ಪಣ್ಯದಲ್ಲಿ ಮಕ್ಕಳನ್ನ ಓದಿಸಿದಳು." ಇಲ್ಲಿ ಪಕ್ಕದಲ್ಲಿ ಕಷ್ಟ ಕೂತಿದೆ. ಜಿಪುಣತನ ಅಂದ್ರೆ ಆ ತಾಯಿಗೆ ಅನ್ಯಾಯ. ಇಲ್ಲಿ ಅದು ಬಡತನ. ಪದ ಅದೇ, ಅರ್ಥ ಬೇರೆ.

ನಾಲ್ಕು: ಮಾತಾಡ್ತಿರೋರು ಯಾವ ಊರಿನವರು?

ಮೈಸೂರಿನ ಸ್ನೇಹಿತೆ ಒಬ್ಬಳು ಧಾರವಾಡಕ್ಕೆ ಓದೋಕೆ ಹೋಗಿದ್ಲು. ಮೊದಲ ದಿನ ಬೆಳಿಗ್ಗೆ ರೂಮ್‌ಮೇಟನ್ನ "ತಿಂಡಿ ಆಯ್ತಾ?" ಅಂತ ಕೇಳಿದ್ಲಂತೆ. ಆ ಹುಡುಗಿ ಒಂದು ಥರಾ ನೋಡಿ ನಕ್ಕಳಂತೆ. ಉತ್ತರ ಕರ್ನಾಟಕದಲ್ಲಿ ತಿಂಡಿ ಅಂದ್ರೆ ತುರಿಕೆ! ಬೆಳಿಗ್ಗೆ ತಿನ್ನೋದು ನಾಷ್ಟಾ. ಹಾಗೇ ಬೆಂಗಳೂರಲ್ಲಿ ಬೋಂಡ ಕೇಳಿದ್ರೆ ಎಣ್ಣೆಯಲ್ಲಿ ಕರಿದಿದ್ದು ಬರುತ್ತೆ, ಮಂಗಳೂರು ಕಡೆ ಬೊಂಡ ಅಂದ್ರೆ ಎಳನೀರು.

ಯಾರದ್ದೂ ತಪ್ಪಲ್ಲ. ಸಂದರ್ಭ ಅಂದ್ರೆ ವಾಕ್ಯ ಮಾತ್ರ ಅಲ್ಲ. ಹೇಳಿದೋರು ಯಾರು, ಎಲ್ಲಿ, ಯಾರಿಗೆ ಅನ್ನೋದೂ ಸಂದರ್ಭವೇ.

ಸಾವಿನ ಸುದ್ದಿ ಬರೆಯುವಾಗ ಇದು ಇನ್ನೂ ಸೂಕ್ಷ್ಮ. ಹಿರಿಯ ಕಲಾವಿದರಾದ್ರೆ 'ನಿಧನರಾದರು'. ಅಪಘಾತದ ವರದಿಯಲ್ಲಿ 'ಮೃತಪಟ್ಟರು'. ಗಡಿಯಲ್ಲಿ ಯೋಧರಾದ್ರೆ 'ಹುತಾತ್ಮರಾದರು'. ಲಿಂಗಾಯತ ಮಠದ ಸ್ವಾಮೀಜಿಯಾದ್ರೆ 'ಲಿಂಗೈಕ್ಯರಾದರು'. ಪಕ್ಕದ ಮನೆ ಅಜ್ಜ ಆದ್ರೆ 'ತೀರಿಕೊಂಡ್ರು' ಅಥವಾ 'ಹೋಗ್ಬಿಟ್ರು'. ವ್ಯಾಕರಣದ ಪ್ರಕಾರ ಎಲ್ಲ ಸರಿ. ಆದ್ರೆ ಸತ್ತವರ ಮನೆಯವರಿಗೆ ಸಂತಾಪದ ಮೆಸೇಜ್ ಹಾಕುವಾಗ "ನಿಮ್ಮ ತಂದೆ ಸತ್ತ ವಿಷಯ ತಿಳೀತು" ಅಂತ ಬರೀತೀರಾ? ಇಲ್ಲ ಅಲ್ವಾ.

ಐದು: ಯಾವ ಹಂತದಲ್ಲಿದ್ದೀವಿ?

ಇದು ಪರೀಕ್ಷೆಗಿಂತ ನಿಮ್ಮ ವಾಟ್ಸಾಪ್ ಗ್ರೂಪಿಗೆ ಹೆಚ್ಚು ಬೇಕು. ಶಂಕಿತ, ಆರೋಪಿ, ಅಪರಾಧಿ. ಮೂರೂ ಒಂದೇ ಅನ್ನೋ ಥರ ಫಾರ್ವರ್ಡ್ ಮಾಡ್ತೀವಿ. ಒಂದಲ್ಲ. ಪೊಲೀಸರಿಗೆ ಅನುಮಾನ ಇರೋನು ಶಂಕಿತ. ಅಪರಾಧ ಮಾಡಿದ್ದಾನೆ ಅಂತ ಆರೋಪ ಹೊತ್ತವನು ಆರೋಪಿ. ವಿಚಾರಣೆ ಮುಗಿದು, ತಪ್ಪು ಮಾಡಿದ್ದು ಸಾಬೀತಾಗಿದೆ ಅಂತ ನ್ಯಾಯಾಲಯ ತೀರ್ಪು ಕೊಟ್ಟ ಮೇಲೆ ಮಾತ್ರ ಅಪರಾಧಿ.

ಇಲ್ಲೂ ಸುಳಿವು ವಾಕ್ಯದಲ್ಲೇ ಇದೆ. 'ಬಂಧಿಸಿದ್ದಾರೆ', 'ವಶಕ್ಕೆ ಪಡೆದಿದ್ದಾರೆ', 'ಜಾಮೀನು ಅರ್ಜಿ' ಅನ್ನೋ ಮಾತು ಮಾತ್ರ ಇದ್ರೆ ಪ್ರಕರಣ ಇನ್ನೂ ತೀರ್ಮಾನ ಆಗಿಲ್ಲ. 'ದೋಷಿ ಎಂದು ತೀರ್ಪು', 'ಶಿಕ್ಷೆ ವಿಧಿಸಿದೆ' ಅಂತ ಇದ್ರೆ ಮಾತ್ರ ಅಪರಾಧಿ ಅನ್ನಬಹುದು. ಬಂಧನ ಆದ ದಿನವೇ ಒಬ್ಬನ ಫೋಟೋ ಕೆಳಗೆ 'ಅಪರಾಧಿ' ಅಂತ ಬರೆದು ಹತ್ತು ಗ್ರೂಪಿಗೆ ಕಳಿಸಿದ್ರೆ, ನಾಳೆ ಅವನು ನಿರ್ದೋಷಿ ಅಂತ ಆದಾಗ ಆ ಹತ್ತು ಗ್ರೂಪಿಗೂ ಹೋಗಿ ತಿದ್ದೋರು ಯಾರು?

ನಿಘಂಟು ಬೇಡವಾ ಹಾಗಾದ್ರೆ?

ಬೇಕು, ಖಂಡಿತ ಬೇಕು. ಆದ್ರೆ ಬಳಸೋ ಕ್ರಮ ಗೊತ್ತಿರಬೇಕು. ನಿಘಂಟು ಒಂದು ಪದಕ್ಕೆ ಇರೋ ಎಲ್ಲ ಬಾಗಿಲು ತೋರಿಸುತ್ತೆ. ಯಾವ ಬಾಗಿಲಿನಿಂದ ಒಳಗೆ ಹೋಗ್ಬೇಕು ಅಂತ ಹೇಳೋದು ವಾಕ್ಯ. ನಿಘಂಟು ಮಾಡಿದವರೂ ಇದನ್ನೇ ನಂಬಿದೋರು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟು ತೆರೆದು ನೋಡಿ. ಅರ್ಥದ ಜೊತೆಗೆ, ಆ ಪದವನ್ನ ಯಾವ ಗ್ರಂಥದಲ್ಲಿ ಹೇಗೆ ಬಳಸಿದ್ದಾರೆ ಅನ್ನೋ ಪ್ರಯೋಗವನ್ನೂ ಕೊಟ್ಟಿರ್ತಾರೆ. ಆ ನಿಘಂಟಿಗಾಗಿ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯ ಅವರು ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಪದಗಳ ಅನುಮಾನಗಳಿಗೆ ಉತ್ತರ ಕೊಡ್ತಿದ್ರು. 2021ರಲ್ಲಿ, 107ನೇ ವಯಸ್ಸಿನಲ್ಲಿ ನಿಧನರಾದರು. ನೋಡಿ, ಇಲ್ಲಿ 'ನಿಧನರಾದರು' ಅನ್ನೋದೇ ಒಪ್ಪುತ್ತೆ.

ಫೋನಿನಲ್ಲೇ ನೋಡ್ಬೇಕಾ? ವಿ. ಕೃಷ್ಣ ಅವರ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತೆ. 1.5 ಲಕ್ಷದಷ್ಟು ಪದಗಳಿವೆ. ಅಲರ್ ಅನ್ನೋದೂ ಹಳಗನ್ನಡದ ಪದ. ಹೂವು ಅಂತಲೂ ಅರ್ಥ, ಅರಳು ಅಂತಲೂ ಅರ್ಥ. ಯಾವುದು ಅಂತ ಹೇಳೋದು ಮತ್ತೆ ಅದೇ, ವಾಕ್ಯ.

ಪರೀಕ್ಷೆ ಬರೆಯೋರಿಗೆ ಮೂರು ಹೆಜ್ಜೆ

ಮೊದಲನೆಯದು, ಆಯ್ಕೆಗಳನ್ನ ಕೈಯಿಂದ ಮುಚ್ಚಿ. ವಾಕ್ಯ ಪೂರ್ತಿ ಓದಿ, ಖಾಲಿ ಜಾಗಕ್ಕೆ ನಿಮ್ಮದೇ ಒಂದು ಪದ ಹಾಕಿ. ಆಮೇಲೆ ಕೈ ತೆಗೆದು, ನಿಮ್ಮ ಪದಕ್ಕೆ ಹತ್ತಿರದ್ದು ಯಾವುದು ನೋಡಿ. ಆಯ್ಕೆಗಳನ್ನ ಮೊದಲೇ ನೋಡಿದ್ರೆ ಅವು ನಿಮ್ಮ ತಲೆ ಕೆಡಿಸ್ತವೆ, ಅವು ಇರೋದೇ ಅದಕ್ಕೆ.

ಎರಡನೆಯದು, ಪಕ್ಕದ ಪದ, ಕೊನೇ ಪದ, ಕೊಂಡಿ ಪದ. ಈ ಮೂರಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೀರಿ.

ಮೂರನೆಯದು, ಆರಿಸಿದ ಪದ ಹಾಕಿ ವಾಕ್ಯವನ್ನ ಮನಸ್ಸಲ್ಲೇ ಜೋರಾಗಿ ಓದಿ. ಚಿಕ್ಕಂದಿನಿಂದ ಮನೆಯಲ್ಲಿ ಕನ್ನಡ ಕೇಳಿದ ಕಿವಿಗೆ, ಕಣ್ಣಿಗಿಂತ ಮೊದಲೇ ಎಡವಟ್ಟು ಗೊತ್ತಾಗುತ್ತೆ.

ಸುಳಿವೇ ಇಲ್ಲದಿದ್ರೆ?

ಈಗ ದೊಡ್ಡಪ್ಪನ ಸಾಲಿಗೆ ವಾಪಸ್ ಬರೋಣ. "ಅಡಿಕೆ ಬೆಲೆ ಕುಸಿತದ ಆತಂಕ." ಈ ಒಂದೇ ಸಾಲು ಇಟ್ಟುಕೊಂಡು ಪಕ್ಕದ ಪದ ನೋಡಿ: ಕುಸಿತ. ಬೆಲೆಯೂ ಕುಸಿಯುತ್ತೆ, ಬೆಳೆಯೂ ಕುಸಿಯುತ್ತೆ. ಆತಂಕ ಎರಡಕ್ಕೂ ಇದೆ. ಅಡಿಕೆಗೆ ಎರಡೂ ಇದೆ. ನಾನು ಇಷ್ಟೊತ್ತು ಹೇಳಿದ ಯಾವ ಉಪಾಯವೂ ಆ ಸಾಲಿನೊಳಗೆ ಕೆಲಸ ಮಾಡಲ್ಲ. ದೊಡ್ಡಪ್ಪ ತಪ್ಪು ಓದಲಿಲ್ಲ. ಸರಿಯಾಗಿಯೇ ಓದಿದ್ರು. ತಪ್ಪು ಬರೆದೋಳು ನಾನು.

ಹಾಗಾಗಿ ಓದೋರಿಗೆ ಒಂದು ಮಾತು. ಒಂದು ಸಾಲು ನಿಮ್ಮ ದುಡ್ಡು, ಆರೋಗ್ಯ, ಇನ್ನೊಬ್ಬರ ಮರ್ಯಾದೆ, ಇವುಗಳಿಗೆ ಸಂಬಂಧಪಟ್ಟಿದ್ರೆ ಆ ಒಂದು ಸಾಲಿಗೇ ನಿಲ್ಲಬೇಡಿ. ಒತ್ತಿ ಒಳಗೆ ಹೋಗಿ. ಮುಂದಿನ ವಾಕ್ಯ ಓದಿ. ಸುಳಿವು ಅಲ್ಲಿರುತ್ತೆ.

ಬರೆಯೋರಿಗೆ ಇನ್ನೊಂದು. ಸಂದರ್ಭ ಕೈ ಕೊಡುತ್ತೆ ಅನ್ಸಿದ್ರೆ ಪದವನ್ನೇ ಬದಲಾಯಿಸಿ. ಕನ್ನಡದಲ್ಲಿ ಪದಗಳಿಗೆ ಬರ ಇಲ್ಲ. ಬೆಲೆ ಬದಲು 'ದರ' ಅನ್ನಿ, ಬೆಳೆ ಬದಲು 'ಫಸಲು' ಅಥವಾ 'ಇಳುವರಿ' ಅನ್ನಿ. "ಅಡಿಕೆ ಫಸಲು ಕುಸಿತ" ಅಂತ ಬರೆದಿದ್ರೆ ಯಾವ ಕೀಬೋರ್ಡೂ ನನ್ನನ್ನ ಕೆಡವ್ತಿರಲಿಲ್ಲ. ಅವತ್ತಿನಿಂದ ನಾನು ಹೆಡ್‌ಲೈನಿನಲ್ಲಿ ಆ ಎರಡು ಪದ ಬಳಸಿಲ್ಲ. ಕಳಿಸೋಕೆ ಮುಂಚೆ ಪಕ್ಕದ ಕುರ್ಚಿಯವರಿಗೆ ಒಮ್ಮೆ ಜೋರಾಗಿ ಓದಿ ಹೇಳ್ತೀನಿ. ಅವರು ಬೇಜಾರು ಮಾಡ್ಕೊಂಡ್ರೂ ಬಿಡಲ್ಲ.

ದೊಡ್ಡಪ್ಪ ಈಗಲೂ ಅಡಿಕೆ ಸುದ್ದಿ ಬಂದ್ರೆ ಫೋನ್ ಮಾಡ್ತಾರೆ. ಹಲೋ ಇಲ್ಲ, ಹೇಗಿದ್ದೀಯ ಇಲ್ಲ. ನೇರವಾಗಿ ಒಂದೇ ಪ್ರಶ್ನೆ: "ಲ-ವೋ, ಳ-ವೋ?"

ಹೇಳಿದ ಮೇಲೆನೇ ಮಂಡಿಗೆ ಹೋಗೋದು.

ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗೋಣ. ಅಲ್ಲಿವರೆಗೆ, ಕಳಿಸೋ ಬಟನ್ ಒತ್ತೋಕೆ ಮುಂಚೆ ಒಮ್ಮೆ ಓದಿ. ನಮಸ್ಕಾರ.